ಆರತಿ ಬ್ಯಾಡೆನ್ನುವ ಲಕ್ಕವ್ವ

ಟಿಕೋಟಾದ ಹೊರಗೆ, ಗಂಡನ ಚಿತೆ ಏರಿದ ಹೆಂಗಸಿನ ನೆನಪಿಗೆ ನೆಟ್ಟ ಮಾಸ್ತಿಕಲ್ಲಿನ ಹತ್ತಿರ ಮುದುಕಿ ಲಕ್ಕವ್ವ ಇದ್ದಳೆಂದರೆ ಯಾರೂ ಆರತಿ ಬೆಳಗುವಂತಿಲ್ಲ. ಯುದ್ಧದಿಂದ ಎಣ್ಣೆಗೆ ಬರ ಬಿದ್ದ ಈ ಕಾಲದಲ್ಲಿ ಉಳಿಸಿ ತಂದ ಎಣ್ಣೆಯ ದೀಪವನ್ನೂ ಉಫ್ ಎಂದು ಆರಿಸುತ್ತಾಳೆ; ಬೀಡಿ ಸೇದುತ್ತ ಬಂದವನನ್ನು ಬಬಲೇಶ್ವರದ ತನಕ ಬೆನ್ನಟ್ಟುತ್ತಾಳೆ. "ಆಕಿ ಸುಟ್ಟಿದ್ದು ಸಾಕಾಗಿಲ್ಲೇನ್ರೇ? ತಣ್ಣೀರು ಹಾಕ್ರಿ!" ಎಂದು ಕೊಡ ಎತ್ತಿ ಕಲ್ಲಿನ ನೆತ್ತಿಗೆ ಸುರಿಯುತ್ತಾಳೆ. ಮೊನ್ನೆ ಕಾಶಿಬಾಯಿ ತನ್ನ ವಿಧವೆ ಸೊಸೆಯನ್ನು ಕರೆತಂದು, "ಇಂಗ್ರೇಜರ ಕಾಯ್ದೆ ಅಡ್ಡ ಬರದಿದ್ರ ಇಕಿನೂ ದೇವಿ ಆಗ್ತಿದ್ಳು," ಎಂದಳು. ಹುಡುಗಿ ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಲಕ್ಕವ್ವ ಕೊಡ ಇಳಿಸಿ ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡಳು. "ನಮ್ಮಜ್ಜಿನ್ನ ಸರಕಾರದ ಸಿಪಾಯಿಗಳು ಚಿತಿ ಮ್ಯಾಲಿಂದ ಎಳಕೊಂಡು ಬಂದ್ರವ್ವಾ. ದೇವಿ ಆಗಲಿಲ್ಲ ಆಕಿ. ಅರ್ಧ ಸುಟ್ಟ ಕೈಲೇ ದಿನಾ ನನಗ ಹೆರಳು ಹಾಕ್ತಿದ್ಳು."