ಮೂರು ಸೋಮವಾರದ ಹೊಟ್ಟೆನೋವು

೧೯೮೪ರ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಅಕ್ಕನ ಹದಿಮೂರು ವರ್ಷದ ಮಗಳನ್ನು ಕಾಪುವಿನಿಂದ ಬಾಡಿಗೆ ಕಾರಿನಲ್ಲಿ ಮಣಿಪಾಲಕ್ಕೆ ತಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸೇರಿಸಿದೆವು. ಆ ತಿಂಗಳು ಅದು ಮೂರನೆಯ ಸಲ. ಮೂರು ಸಲವೂ ಚೀಟಿಯಲ್ಲಿ ನಾನು ಬರೆಸಿದ ಕಾರಣ ಹೊಟ್ಟೆನೋವು.

ಭಾವ ಬಹರೈನಿನಲ್ಲಿದ್ದರು. ನಾನು ಉಡುಪಿಯಲ್ಲಿ ಪತ್ರಿಕೆಯ ವರದಿಗಾರ. ಆಸ್ಪತ್ರೆಯ ಓಡಾಟ ನನ್ನ ಪಾಲಿಗೆ ಬಂದಿತ್ತು. ಉಡುಪಿಯ ಹೈಸ್ಕೂಲಿಗೆ ಸೇರಿದಂದಿನಿಂದ ಹುಡುಗಿ ಸರಿಯಾಗಿ ಉಣ್ಣುತ್ತಿರಲಿಲ್ಲ, ಮಾತೂ ಕಡಿಮೆಯಾಗಿತ್ತು. ಮನೋವೈದ್ಯರಿಗೆ ತೋರಿಸಿ ಎಂದು ಕಾಪುವಿನ ಡಾಕ್ಟರು ಜೂನಿನಲ್ಲೇ ಹೇಳಿದ್ದರು. ಮಣಿಪಾಲದ ಮನೋರೋಗ ವಿಭಾಗದ ಹೊರಗೆ ಉದ್ದನೆಯ ಬೆಂಚು, ಅದರ ಮೇಲೆ ದೊಡ್ಡ ಬೋರ್ಡು.

"ಅಲ್ಲಿ ಕೂತರೆ ಊರಿಡೀ ಗೊತ್ತಾಗ್ತದೆ ಮಾರಾಯ," ಎಂದಿದ್ದಳು ಅಕ್ಕ. "ದೊಡ್ಡ ಮಗಳಿಗೆ ಬೆಳ್ಮಣ್ಣಿಂದ ಸಂಬಂಧ ಬಂದದ್ದು ಉಂಟಲ್ವಾ? ಕ್ಯಾಶ್ವಲ್ಟಿಯಲ್ಲಾದರೆ ಯಾರೂ ಎಂತ ಕೇಳುದಿಲ್ಲ."

ಅದು ನಿಜವಾಗಿತ್ತು. ತೆಂಗಿನಮರದಿಂದ ಬಿದ್ದವರು, ಹಾವು ಕಚ್ಚಿದವರು ಬರುವಲ್ಲಿ ಹೊಟ್ಟೆನೋವಿನ ಹುಡುಗಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದ್ದರಿಂದ ಅವಳ ಉಸಿರು ಮೇಲೆ ಕೆಳಗಾಗಿ ಬೆರಳುಗಳು ಸೆಟೆಯುವವರೆಗೆ ಕಾದು, ಆಮೇಲೆ ಕಾರು ಕರೆಯುತ್ತಿದ್ದೆವು. ಪ್ರತಿ ಸಲ ಬೇರೆ ಡಾಕ್ಟರು, ಒಂದು ಇಂಜೆಕ್ಷನ್, ಮಧ್ಯಾಹ್ನಕ್ಕೆ ಮನೆ.

ಮೂರನೆಯ ಸಲ ಹಿರಿಯ ನರ್ಸ್ ಒಬ್ಬರು ಹುಡುಗಿಯ ಗುರುತು ಹಿಡಿದರು.

"ಎಂತ ಮಾರಾಯ್ತಿ, ಪುನಃ ಸೋಮವಾರವೇ ಬಂದೆಯಾ? ನಿನ್ನ ಹೊಟ್ಟೆಗೂ ಆದಿತ್ಯವಾರ ರಜೆಯಾ?"

ಪಕ್ಕದಲ್ಲಿದ್ದ ವೈದ್ಯೆ ಹಳೆಯ ಚೀಟಿಗಳನ್ನು ಕೇಳಿದರು. ನನ್ನ ಕಿಸೆಯಲ್ಲಿದ್ದವು. ತಾರೀಕುಗಳನ್ನು ನೋಡಿ ಅವರು ಮಂಚದ ಅಂಚಿನಲ್ಲಿ ಕುಳಿತರು.

"ನೀನೇ ಹೇಳು. ಎಂತ ಆಗ್ತದೆ?"

"ಶನಿವಾರ ಸರಿ ಇರ್ತದೆ," ಎಂದಳು ಹುಡುಗಿ. "ಆದಿತ್ಯವಾರ ಸಂಜೆಯಿಂದ ಎದೆ ಹೊಡ್ಕೊಳ್ತದೆ. ಬೆಳಿಗ್ಗೆ ಬಸ್ಸು ಕಂಡರೆ ಉಸಿರು ಬರುದಿಲ್ಲ. ನಾನು ಇಲ್ಲದಿದ್ದರೆ ಒಳ್ಳೆಯದಿತ್ತು ಅಂತ ಕಾಣ್ತದೆ."

"ಹಾಗೆಲ್ಲ ಹೇಳಬಾರದು ಮಗಾ. ಹೊಟ್ಟೆನೋವಲ್ವಾ ನಿನಗೆ?" ಎಂದಳು ಅಕ್ಕ.

"ಹೊಟ್ಟೆನೋವು ಅಂತ ನಾನು ಹೇಳಲೇ ಇಲ್ಲಮ್ಮ. ಮಾಮ ಹೇಳಿದ್ದು."

ಹೇಳಿದ್ದು ನಾನೇ.

ವೈದ್ಯೆ ಪೆನ್ನು ತೆಗೆದರು. "ಇವಳನ್ನು ಮನೋರೋಗ ವಿಭಾಗಕ್ಕೆ ಬರೆದು ಕಳಿಸಬೇಕು. ಮನೆಗೆ ಕರ್ಕೊಂಡು ಹೋದರೆ ಬರುವ ಸೋಮವಾರ ಎಂತ ಆಗ್ತದೆ ಅಂತ ನಾನು ಹೇಳಲಾರೆ."

ಅಕ್ಕ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ, "ಬರೀರಿ," ಎಂದಳು.

ಹತ್ತು ಗಂಟೆಗೆ ಮೂವರೂ ಆ ಬೆಂಚಿನಲ್ಲಿ ಕುಳಿತೆವು. ಬೆಂಚಿನ ಆ ಕೊನೆಯಲ್ಲಿ ಕಾಪುವಿನವರೇ ಒಬ್ಬರು ತಂಗಿಯ ಜೊತೆ ಕುಳಿತಿದ್ದರು. ಅಕ್ಕನ ಹಾಗೆ ಅವರೂ ಮುಖ ತಿರುಗಿಸಿದರು.

ಹುಡುಗಿಯನ್ನು ಹನ್ನೊಂದು ದಿನ ವಾರ್ಡಿನಲ್ಲಿ ಇರಿಸಿಕೊಂಡರು. ಆ ವರ್ಷ ಅವಳು ಶಾಲೆಗೆ ಹೋಗಲಿಲ್ಲ. ಬೆಳ್ಮಣ್ಣಿನವರು ಮತ್ತೆ ಬರಲಿಲ್ಲ. ಕಾರಣ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ದೊಡ್ಡವಳ ಮದುವೆ ಮರುವರ್ಷ ಕಾರ್ಕಳದ ಹುಡುಗನೊಂದಿಗೆ ಆಯಿತು.

೧೯೮೯ರಲ್ಲಿ ಚಿಕ್ಕವಳು ತನ್ನ ಅಕ್ಕನ ಮನೆಯಿಂದ ಕಾರ್ಕಳದ ಕಾಲೇಜಿಗೆ ಹೋಗುತ್ತಿದ್ದಳು. ಎರಡು ತಿಂಗಳಿಗೊಮ್ಮೆ ಒಬ್ಬಳೇ ಬಸ್ಸು ಹತ್ತಿ ಮಣಿಪಾಲಕ್ಕೆ ಬಂದು ಡಾಕ್ಟರನ್ನು ಕಂಡು ಹೋಗುತ್ತಿದ್ದಳು.