ಚನ್ನಬಸವ್ವನ ಒಂದೇ ದರ

ನನ್ನ ವೈನಿ ಚನ್ನಬಸವ್ವನ ಜೊತೆ ಜಗಳಾಡಿ ಗೆದ್ದವರು ಪುಣೆಯ ಈ ಭೋಸರಿಯಲ್ಲಿ ಯಾರೂ ಇಲ್ಲ. ಯಾಕೆಂದರೆ ಅವಳು ಜಗಳಕ್ಕೇ ಬರುವುದಿಲ್ಲ. ನೀವು ಅರ್ಧ ತಾಸು ಕೂಗಾಡಿ ದಣಿದ ಮೇಲೆ "ಚಾ ಕುಡೀತೀರೇನ್ರಿ?" ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ನಾನು ಅವಳ ನಾದಿನಿ ತ್ರಿವೇಣಿ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಸೂರಿನಡಿ ಇದ್ದೇನೆ, ಇಪ್ಪತ್ತೆರಡು ವರ್ಷಗಳಿಂದ ಸೋಲುತ್ತಲೇ ಬಂದಿದ್ದೇನೆ.

ವೈನಿ ಮುಧೋಳದ ಕಡೆಯವಳು. ನನ್ನ ಅಣ್ಣನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಬೇರೆಯವರಾಗಿದ್ದರೆ ಪಾತ್ರೆಪಗಡೆ ಹೊತ್ತು ಬರುತ್ತಿದ್ದರು. ಇವಳು ತವರಿನಿಂದ ಮುಧೋಳ ನಾಯಿಯ ಮರಿಯೊಂದನ್ನು ಹೊತ್ತುಕೊಂಡು ಬಂದಳು. ಈಗ ಮನೆಯ ಹಿಂದಿನ ತಗಡಿನ ನೆರಳಲ್ಲಿ ವರ್ಷಕ್ಕೊಮ್ಮೆ ಐದಾರು ಮರಿಗಳು ಆಡುತ್ತವೆ. ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ, ಎದ್ದು ಕಾಣುವ ಪಕ್ಕೆಲುಬು. ಗೇಟಿನ ಹೊರಗೆ ನಿಂತವರು ಕನಿಕರದಿಂದ, ಇದಕ್ಕೆ ಊಟ ಹಾಕುವುದಿಲ್ಲವೇ ಎಂದು ಮರಾಠಿಯಲ್ಲಿ ಕೇಳುತ್ತಾರೆ. ವೈನಿ ತನ್ನ ದಪ್ಪ ತೋಳು ತೋರಿಸಿ, ಅದರ ಪಾಲನ್ನೂ ನಾನೇ ತಿನ್ನುತ್ತೇನೆ ಎಂದು ಮರಾಠಿಯಲ್ಲೇ ಉತ್ತರ ಕೊಟ್ಟು ನಗುತ್ತಾಳೆ.

ಗೇಟಿಗೆ ಒಂದು ಬೋರ್ಡಿದೆ. ಪುಣೆಯಲ್ಲಿ ಬೋರ್ಡುಗಳ ಬಾಯಿ ಮೊದಲೇ ಖಾರ, ಇದೂ ಅದೇ ಜಾತಿಯದು. ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ: "ಮರಿಯ ದರ ಒಂದೇ. ಚೌಕಾಶಿ ಬ್ಯಾಡ." ಆ ಬೋರ್ಡು ಬಂದದ್ದು ಕೆಂಚಿಯಿಂದ. ಹಿಂದೊಮ್ಮೆ ಕೆಂಚಿ ಎಂಬ ಮರಿಯನ್ನು ಕೊಳ್ಳಲು ಬಂದವನು ಗಂಟೆಗಟ್ಟಲೆ ಕಾಡಿ, ಬೇಡಿ, ಅರ್ಧ ದರಕ್ಕೆ ಇಳಿಸಿಕೊಂಡು ಹೋದ. ಎಂಟು ತಿಂಗಳ ನಂತರ ಕಟ್ಟಡವೊಂದರ ಮುಂದೆ ಮೊಳದುದ್ದ ಸರಪಳಿಯಲ್ಲಿ ಕೆಂಚಿ ವೈನಿಯ ಕಣ್ಣಿಗೆ ಬಿತ್ತು. ಮುಂದಿದ್ದ ನೀರಿನ ಡಬ್ಬಿ ಒಣಗಿತ್ತು. ವೈನಿ ಅವನು ಕೇಳಿದಷ್ಟು ಕೊಟ್ಟು, ಅಲ್ಲೇ ಸರಪಳಿ ಬಿಚ್ಚಿ ಕರೆತಂದಳು. ಈಗ ಈ ಮರಿಗಳ ತಾಯಿ ಅದೇ ಕೆಂಚಿ.

"ದರದಾಗ ಎಳದಾಡಿದಾವ ನಾಳೆ ಹಾಲಿನಾಗೂ ಎಳದಾಡ್ತಾನ," ಎನ್ನುವುದು ವೈನಿಯ ಮಾತು.

ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಹೇಳಿದ ಬೆಲೆ ಕೊಟ್ಟು ಒಂದು ಕಟ್ಟು ಕೊತ್ತಂಬರಿ ತಂದ ದಿನ ನನ್ನ ಜೀವಮಾನದಲ್ಲಿಲ್ಲ. ಮಂಡಈ ಮಾರ್ಕೆಟ್ಟಿನ ಕಾಯಿಪಲ್ಲೆಯವರು ನನ್ನನ್ನು ದೂರದಿಂದ ಕಂಡರೆ ಸಾಕು, ಹಣೆ ಚಚ್ಚಿಕೊಳ್ಳುತ್ತಾರೆ. ಆದರೂ ನಾನು ಒಂದು ವಾರ ಹೋಗದಿದ್ದರೆ, ತಾಯೀ, ಎಲ್ಲಿ ಹೋಗಿದ್ದಿರಿ ಎಂದು ಕೇಳುವವರೂ ಅವರೇ. ಚೌಕಾಶಿಯಿಲ್ಲದ ವ್ಯಾಪಾರವೆಂದರೆ ಉಪ್ಪಿಲ್ಲದ ಸಾರು ಎಂದು ನಾನು ನಂಬಿದವಳು.

ಈ ವರ್ಷದ ಮರಿಗಳಲ್ಲಿ ಕೊನೆಗೆ ಒಂದೇ ಉಳಿದಿತ್ತು, ಎದೆಯ ಮೇಲೆ ಬಿಳಿ ಮಚ್ಚೆಯ ಹೆಣ್ಣುಮರಿ. ಅಂದು ಭಾನುವಾರ, ವೈನಿ ಜೇಜುರಿಗೆ ಹೋಗಿದ್ದಳು. ಅಲ್ಲಿಯ ಖಂಡೋಬಾ ನಮಗೆ ಮೈಲಾರಲಿಂಗ, ಮೈಲಾರಲಿಂಗನ ಬೆನ್ನಿಗೆ ಸದಾ ನಾಯಿ. ಅವನ ಭಂಡಾರವನ್ನು, ಅಂದರೆ ಆ ಅರಿಶಿನದ ಪುಡಿಯನ್ನು, ಹಣೆಗೆ ಹಚ್ಚದೆ ವೈನಿ ಯಾವ ಮರಿಯನ್ನೂ ಹೊಸ್ತಿಲು ದಾಟಿಸುವುದಿಲ್ಲ. ಮನೆಯಲ್ಲಿ ಭಂಡಾರ ತೀರಿತ್ತು. "ಯಾರರ ಬಂದ್ರ ಕೂಡಿಸು, ಚಾ ಕೊಡು. ನಾ ಸಂಜೀಕ ಬರ್ತೀನಿ," ಎಂದು ಹೇಳಿ ಹೋಗಿದ್ದಳು.

ಮಧ್ಯಾಹ್ನ ಶರಣಮ್ಮ ಬಂದಳು. ಅಫಜಲಪುರದ ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಅವಳೂ ಅವಳ ಗಂಡ ತಾಯಪ್ಪನೂ ಇಲ್ಲೇ ಪುಣೆ ಜಿಲ್ಲೆಯ ಶಿರೂರಿನ ಹತ್ತಿರ ಒಬ್ಬರ ದಾಳಿಂಬೆ ತೋಟ ಕಾಯುತ್ತಾರಂತೆ. ರಾತ್ರಿ ಚಿರತೆಯ ಕಾಟ, ಅದಕ್ಕೆ ಒಳ್ಳೆಯ ಕಿವಿಯ ನಾಯಿ ಬೇಕಿತ್ತು. ಅವಳು ಕೂತದ್ದೇ ತಡ, ಮರಿ ಹೋಗಿ ಅವಳ ಮಡಿಲೇರಿ ಮಲಗಿಬಿಟ್ಟಿತು. ನಾನು ಚಾ ಕೊಟ್ಟೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಎಷ್ಟ್ರಿ ಅಕ್ಕಾರ?" ಎಂದಳು.

ವೈನಿಯ ದರ ಹದಿನೈದು ಸಾವಿರ. ನನ್ನ ನಾಲಿಗೆ ತುರಿಸಿತು. ಇಪ್ಪತ್ತೆರಡು ಎನ್ನೋಣ, ಇವಳು ಹತ್ತು ಎನ್ನುತ್ತಾಳೆ, ಎದ್ದು ಗೇಟಿನವರೆಗೆ ಹೋಗುತ್ತಾಳೆ, ನಾನು ಕರೆಯುತ್ತೇನೆ, ಹದಿನೇಳಕ್ಕೆ ಮುಗಿಯುತ್ತದೆ. ಸಂಜೆ ವೈನಿಗೆ, ನೋಡು, ವ್ಯಾಪಾರವೆಂದರೆ ಇದು ಎಂದು ತೋರಿಸಬಹುದು.

"ಇಪ್ಪತ್ತೆರಡು ಸಾವಿರ," ಎಂದೆ.

ಶರಣಮ್ಮನ ಮುಖ ಸಣ್ಣದಾಯಿತು. ಗೇಟಿನ ಬೋರ್ಡನ್ನು ಒಮ್ಮೆ ನೋಡಿದಳು. ಬೇವಿನ ಗಿಡದ ಕೆಳಗೆ ಹೋಗಿ ಗಂಡನ ಜೊತೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದಳು. ಭಲೆ, ಸೆರಗು ಕಟ್ಟಿ ಕುಸ್ತಿಗೆ ಬರುತ್ತಾಳೆ ಎಂದು ನಾನೂ ಸರಿಯಾಗಿ ಕೂತೆ. ಅವಳು ತಿರುಗಿ ಬಂದು, ಬಾಗಿಲ ಪಕ್ಕ ಅಂಟಿಸಿದ್ದ ಕ್ಯೂಆರ್ ಚೀಟಿಗೆ ಫೋನ್ ಹಿಡಿದು, "ಹಾಕೀನ್ರಿ ಅಕ್ಕಾರ. ಒಯ್ಲ್ಯಾ?" ಎಂದಳು.

ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಗೆದ್ದೆ ಎಂಬ ಹಮ್ಮು ಬಾಯಿ ಕಟ್ಟಿತು. ಮರಿ ಶರಣಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ ಹೊರಟುಹೋಯಿತು, ಹಣೆಗೆ ಭಂಡಾರವೂ ಇಲ್ಲದೆ.

ದುಡ್ಡು ಹೋಗಿ ಬಿದ್ದದ್ದು ವೈನಿಯ ಖಾತೆಗೆ. ಜೇಜುರಿಯ ಮೆಟ್ಟಿಲ ಮೇಲೆಯೇ ಅವಳ ಫೋನಿಗೆ ಮೆಸೇಜು ಬಂದಿತ್ತು. ಸಂಜೆ ಮನೆಗೆ ಬಂದವಳು ಎಲ್ಲ ಕೇಳಿಸಿಕೊಂಡಳು. ನಾನು ಕೂಗಾಡಿದೆ, ಸಮಜಾಯಿಷಿ ಕೊಟ್ಟೆ, ದಣಿದೆ. ಚಾ ಎನ್ನುತ್ತಾಳೆಂದು ಕಾದೆ. ಎನ್ನಲಿಲ್ಲ.

"ಬಂದಾಕಿ ಬೋರ್ಡ ನಂಬಿದ್ಲು, ತ್ರಿವೇಣಿ. ನೀ ಅದನ್ನ ಸುಳ್ಳ ಮಾಡಿದಿ," ಎಂದಷ್ಟೇ ಹೇಳಿ ಏಳು ಸಾವಿರವನ್ನು ಫೋನಿನಲ್ಲೇ ಶರಣಮ್ಮನಿಗೆ ತಿರುಗಿ ಹಾಕಿದಳು. ಐದೇ ನಿಮಿಷದಲ್ಲಿ ಆ ಏಳು ಸಾವಿರ ಮತ್ತೆ ನಮಗೇ ಬಂತು. ಫೋನ್ ಮಾಡಿದರೆ ಅವಳ ಫೋನ್ ಬಂದ್. ಮರುದಿನವೂ ಬಂದ್, ಅದರ ಮರುದಿನವೂ ಬಂದ್.

ವೈನಿ ಕೆಂಚಿಯ ಪಕ್ಕ ಕೂತುಬಿಟ್ಟಳು. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯತೊಡಗಿತು. "ಅಗ್ಗದಾಗ ಕೊಟ್ಟು ಇದನ್ನ ಕಳಕೊಂಡಿದ್ದೆ. ಈಗ ತುಟ್ಟಿ ಕೊಟ್ಟು ಇದರ ಮಗಳನ್ನ ಕಳಕೊಂಡೆ ಏನೋ," ಎಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಫೀಸಿಗೆ ರಜೆ ಹಾಕಿ, "ಏಳು ವೈನಿ, ಶಿರೂರಿಗೆ ಹೋಗೂಣು," ಎಂದೆ.

ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ತೋಟ ಮುಟ್ಟಿದೆವು. ದಾಳಿಂಬೆ ಸಾಲುಗಳ ನಡುವೆ ಶರಣಮ್ಮ ಕಳೆ ಕೀಳುತ್ತಿದ್ದಳು, ಮರಿ ಅವಳ ಕಾಲಲ್ಲೇ ತೊಡರಾಡುತ್ತಿತ್ತು. ನಮ್ಮನ್ನು ಕಂಡದ್ದೇ ಮರಿಯನ್ನು ಎತ್ತಿಕೊಂಡು ಓಡಿದಳು. ತಗಡಿನ ಮನೆಯೊಳಗೆ ಹೋಗಿ ಧಡಾರನೆ ಚಿಲಕ ಹಾಕಿದಳು.

"ಕೊಡಂಗಿಲ್ರಿ!" ಎಂದು ಒಳಗಿನಿಂದ ಕೂಗಿದಳು. "ದುಡ್ಡು ಪೂರಾ ಕೊಟ್ಟೀನಿ! ತಿರುಗಿ ಹಾಕಿದ್ರ ನಾ ತಗೊಳಂಗಿಲ್ಲ! ಮರಿ ನಂದು!"

ಆಗ ನಮಗೆ ತಿಳಿಯಿತು. ನಮ್ಮ ಕಡೆ ಎತ್ತಿನ ಸಂತೆಯಲ್ಲಿ ಮಾರಿದವನು ಸಂಚಗಾರವನ್ನು, ಅಂದರೆ ಮುಂಗಡವನ್ನು, ತಿರುಗಿ ಕೊಟ್ಟನೆಂದರೆ ವ್ಯವಹಾರ ಮುರಿಯಿತು ಎಂದರ್ಥ, ಎತ್ತು ಬಿಚ್ಚಿಕೊಂಡು ಹೋಗುತ್ತಾನೆ. ನಾವು ದುಡ್ಡು ತಿರುಗಿಸಿದ್ದು ಮರಿ ಕಿತ್ತುಕೊಳ್ಳಲು ಎಂದು ಶರಣಮ್ಮ ತಿಳಿದಿದ್ದಳು.

ವೈನಿಯ ಮುಖ ಅರಳಿತು. ನಾಲ್ಕು ದಿನಗಳ ಮೇಲೆ ಅವಳು ನಕ್ಕದ್ದು ಆಗಲೇ. ಬಾಗಿಲಿಗೆ ಬಾಯಿ ಹಚ್ಚಿ, "ತಂಗಿ, ಮೂವತ್ತು ಸಾವಿರ ಕೊಡ್ತೀನಿ. ಮರಿ ಕೊಡ್ತೀ?" ಎಂದಳು.

"ಐವತ್ತು ಕೊಡ್ರಿ, ಕೊಡಂಗಿಲ್ಲ!"

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ನೀ ಹಾಕಿದ ಗಂಟು. ನೀನ ಬಿಚ್ಚು."

ಬಾಗಿಲ ಮುಂದೆ ನಿಂತು ತಪ್ಪು ಒಪ್ಪಿಕೊಳ್ಳುವುದು ಸುಲಭವಲ್ಲ, ಅದೂ ನನ್ನಂಥವಳಿಗೆ. "ಶರಣಮ್ಮಾ, ಮರಿ ನಿಂದಽ. ದರ ಹದಿನೈದು ಸಾವಿರ ಇತ್ತವ್ವಾ. ನೀ ಇಳಸ್ತೀ ಅಂತ ನಾ ಏರಿಸಿ ಹೇಳಿದ್ದೆ. ತಪ್ಪು ನಂದು. ಹೆಚ್ಚಿಂದು ಕೊಡಾಕ ಬಂದೀವಿ."

ಒಳಗಿನಿಂದ ಶರಣಮ್ಮನ ದನಿ ಏರಿತು. "ಇಳಸಾಕಂತ ಏರಿಸಿದ್ರ್ಯಾ? ಮತ್ತ ಆ ಬೋರ್ಡ ಯಾಕ್ ಹಾಕೀರಿ? ಅಯ್ಯ ಶಿವನ, ಬೋರ್ಡ ಇರಲಿಕ್ಕಂದ್ರ ನಾ ಹನ್ನೆರಡಕ್ಕ ಇಳಸ್ತಿದ್ದೆ!"

"ಹನ್ನೆರಡಕ್ಕ? ನನ್ನ ಮುಂದ?" ಎಂದೆ, ತಡೆಯಲಾಗದೆ.

"ಹತ್ತಕ್ಕ!"

ಬಾಗಿಲಿನ ಆ ಕಡೆ ಅವಳು, ಈ ಕಡೆ ನಾವಿಬ್ಬರು, ಮೂವರೂ ಬಿದ್ದು ಬಿದ್ದು ನಕ್ಕೆವು. ಚಿಲಕ ಸರಿಯಿತು. ಒಳಗೆ ಮಂಚದ ಮೇಲೆ ಹೊಸ ಕೌದಿ, ಅದರ ನಟ್ಟನಡುವೆ ಮರಿಯ ಗುಂಡನೆಯ ಜಾಗ. ಆ ಏಳು ಸಾವಿರ, ಚಿರತೆ ಬರದಂತೆ ಮರಿಗೆ ತಂತಿಯ ಗೂಡು ಕಟ್ಟಿಸಲು ಇಟ್ಟಿದ್ದಂತೆ. ಅದು ನಮ್ಮ ಕೈ ಸೇರಿದ ಮೇಲೆ ಮರಿ ಮಂಚ ಏರಿತ್ತು, ತಾಯಪ್ಪ ನೆಲಕ್ಕೆ ಇಳಿದಿದ್ದ. "ನಾಕು ದಿನದಿಂದ ಅವರಿಗೆ ಕೌದೀನೂ ಇಲ್ರಿ," ಎಂದಳು ಶರಣಮ್ಮ. ವೈನಿ ನಗುತ್ತಲೇ ದುಡ್ಡು ಹಾಕಿದಳು. ಈ ಸಲ ಅದು ತಿರುಗಿ ಬರಲಿಲ್ಲ.

ವೈನಿ ಸೊಂಟದ ಚೀಲದಿಂದ ಭಂಡಾರದ ಪೊಟ್ಟಣ ತೆಗೆದು ಮರಿಯ ಹಣೆಗೆ ಹಚ್ಚಿದಳು. "ಏನ ಹೆಸರಿಟ್ಟಿ?"

"ಇಟ್ಟಿಲ್ರಿ ಅಕ್ಕಾರ," ಎಂದಳು ಶರಣಮ್ಮ. ದನಿ ಸಣ್ಣದಾಗಿತ್ತು. "ನೀವು ಒಯ್ತೀರಿ ಅಂತ ತಿಳದಿದ್ದೆ. ಹೆಸರ ಹಿಡದು ಕರದ ಮ್ಯಾಲ ಹೆಂಗ ಬಿಡಲಿ?"

"ಈಗ ಕರಿ."

ಶರಣಮ್ಮ ಅಂಗಳದ ಆ ತುದಿಗೆ ಹೋಗಿ ನಿಂತಳು. ಮರಿ ಇನ್ನೂ ವೈನಿಯ ಸೀರೆಯ ಅಂಚಿನಲ್ಲಿ ಕೆಂಚಿಯ ವಾಸನೆ ಹುಡುಕುತ್ತಿತ್ತು. "ಗಂಗೀ!" ಎಂದು ಶರಣಮ್ಮ ತೋಟವೆಲ್ಲ ಕೇಳುವಂತೆ ಕೂಗಿದಳು. ಮರಿ ತಲೆಯೆತ್ತಿತು. ಒಮ್ಮೆ ವೈನಿಯನ್ನು ನೋಡಿತು. ಆಮೇಲೆ ಆ ಉದ್ದ ಕಾಲುಗಳನ್ನು ಒಂದಕ್ಕೊಂದು ತೊಡರಿಸಿಕೊಂಡು, ಒಮ್ಮೆ ಮುಗ್ಗರಿಸಿ, ಎದ್ದು, ಶರಣಮ್ಮನ ಕಡೆಗೆ ಓಡಿತು.

ವೈನಿ ಬಹಳ ಹೊತ್ತು ನೋಡುತ್ತ ನಿಂತಳು. ಶರಣಮ್ಮ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಆಗ ವೈನಿ ನನ್ನ ಕಡೆ ತಿರುಗಿ, ನಾಲ್ಕು ದಿನಗಳಿಂದ ಕೇಳದಿದ್ದ ಮಾತನ್ನು ಕೇಳಿದಳು.

"ಚಾ ಕುಡೀತೀ ಏನ?"