ದೊರೆಸಾನಿಗಾಗಿ ತೊಟ್ಟ ಬಳೆ

ದೇವಕಮ್ಮ ಹಂದಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಓಣಿಯವರೆಲ್ಲ ಮೂಗು ಮುರಿದರು. ಮುರಿಯಲಿ ಬಿಡಿ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಹೆಣ್ಣಲ್ಲ ಅವಳು.

ಶಹಾಪುರದಾಚೆ, ಕಾಲುವೆ ಕಟ್ಟುವಾಗ ಎದ್ದಿದ್ದ ಕ್ಯಾಂಪಿನ ಗೋದಾಮಿನಲ್ಲಿ ಈಗ ಹಂದಿಗಳ ಮೇಲೆ ಹೊಸ ಲಸಿಕೆಯ ಪರೀಕ್ಷೆ ನಡೆಯುತ್ತಿತ್ತು. ಮೊದಲು ರಕ್ತ ತೆಗೆಯಬೇಕೆಂದರೆ ಮೂತಿಗೆ ತಂತಿಯ ಉರುಲು ಹಾಕಿ ಎಳೆಯುತ್ತಿದ್ದರು. ಆ ಚೀರಾಟ ಆಚೆ ದಂಡೆಗೂ ಕೇಳುತ್ತಿತ್ತು. ಹೊಸದಾಗಿ ಬಂದ ಶಾಂತಪ್ಪ ಡಾಕ್ಟರು ಉರುಲನ್ನು ಗೂಟಕ್ಕೆ ನೇತುಹಾಕಿ, "ಇನ್ನ ಒತ್ತಾಯ ಬ್ಯಾಡ. ಹಂದಿ ತಾನಾಗೇ ತೂಕದ ಹಲಗಿ ಏರಿ ನಿಲ್ಲಬೇಕು, ಹಂಗ ಕಲಸೂಣು" ಎಂದರು. ಸಿಮೆಂಟು ನೆಲಕ್ಕೆ ಭತ್ತದ ಹುಲ್ಲು ಬಂತು, ಕೆದರಲು ಮೂಲೆಯಲ್ಲಿ ಮಣ್ಣು, ಎಳೆದಾಡಲು ಹಳೆಯ ಟೈರು.

ಬಟ್ಟಲಿಗೆ ಚಮಚ ಬಡಿದು ಕರೆಯಬೇಕು, ಹಲಗೆ ಏರಿದರೆ ಬೆಲ್ಲದ ನೀರು ನೆಕ್ಕಿಸಬೇಕು. ಅದು ನೆಕ್ಕುತ್ತಿರುವಾಗಲೇ ಡಾಕ್ಟರು ಕಿವಿಯ ನರದಿಂದ ರಕ್ತ ತೆಗೆಯುತ್ತಿದ್ದರು. ಎಲ್ಲಕ್ಕಿಂತ ಚೆನ್ನಾಗಿ ಕಲಿತದ್ದು ಒಂದು ಕರಿ ಹಂದಿ. ತನ್ನ ಹೊಟ್ಟೆ ಕೆರೆಯುವವರೆಗೂ ದಾರಿ ಬಿಡದ ಅದರ ಠೀವಿ ನೋಡಿ ದೇವಕಮ್ಮ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಿದ್ದಳು.

ಹೀಗಿರುವಾಗ ಗಂಡ ಅಂಬ್ರಪ್ಪ ಹೊಲದಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮೇಲೇಳಲಿಲ್ಲ. ಓಣಿಯ ಹೆಂಗಸರು ಪದ್ಧತಿಯಂತೆ ಅವಳ ಬಳೆ ಒಡೆದರು.

ಬೋಳು ಕೈಯಲ್ಲಿ ಕೆಲಸಕ್ಕೆ ಮರಳಿದವಳು ಚಮಚ ಬಡಿದಳು. ದೊರೆಸಾನಿ ಓಡಿ ಬಂತು, ಕೈ ಮೂಸಿತು, ಹಲಗೆಯ ಮುಂದೆ ನಿಂತುಬಿಟ್ಟಿತು. ಏನು ಮಾಡಿದರೂ ಏರಲಿಲ್ಲ.

ಡಾಕ್ಟರು ಅವಳ ಮಣಿಕಟ್ಟನ್ನೇ ನೋಡಿದರು. "ದೇವಕಮ್ಮ, ಅದು ಚಮಚದ ಸಪ್ಪಳ ಕಲ್ತಿಲ್ಲವ್ವ. ಚಮಚಕ್ಕಿಂತ ಮೊದಲ ನಿನ್ನ ಕೈಯಾಗಿನ ಬಳಿ ಸಪ್ಪಳ ಆಗ್ತಿತ್ತು. ಅದನ್ನ ಕಲ್ತೈತಿ."

ಎಲ್ಲಿಂದಲೋ ನಾಲ್ಕು ಬಳೆ ತರಿಸಿ ದಾರಕ್ಕೆ ಪೋಣಿಸಿ ಅಲ್ಲಾಡಿಸಿದರು. ದೊರೆಸಾನಿ ಕಿವಿ ಎತ್ತಿತು, ಕಾಲು ಎತ್ತಲಿಲ್ಲ; ಕೈಗೆ ತೊಟ್ಟ ಬಳೆಯ ಸದ್ದೇ ಬೇರೆ. ಹೊಸದಾಗಿ ಕಲಿಸಲು ವೇಳೆ ಇರಲಿಲ್ಲ, ರಕ್ತ ಮರುದಿನವೇ ಪರೀಕ್ಷೆಗೆ ಹೋಗಬೇಕಿತ್ತು. ಡಾಕ್ಟರು ಗೂಟದ ಮೇಲಿನ ಉರುಲಿನ ಕಡೆ ನೋಡಿ ತಲೆ ತಗ್ಗಿಸಿದರು.

"ನಾಳಿ ನಾ ಬರೋತನಕ ಅದನ್ನ ಮುಟ್ಟಬ್ಯಾಡ್ರಿ" ಎಂದಳು ದೇವಕಮ್ಮ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಳೆ ಮಾರುವ ಅನ್ವರಬಿಯ ಮನೆಯ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿದಳು. ಅನ್ವರಬಿ ಅವಳ ಬೋಳು ಹಣೆ ನೋಡಿ, "ಯಾರಿಗೆ ತಂಗಿ?" ಎಂದಳು.

"ನಮ್ಮ ದೊರಿಸಾನಿಗ್ರಿ. ನನ್ನ ಕೈಗೇ ಹಾಕ್ರಿ."

ಅನ್ವರಬಿ ಆ ಕೈಗೇ ಹಸಿರು ಬಳೆ ಏರಿಸಿದಳು.

ಆ ದಿನ ಬಳೆ ಸದ್ದಾಗುತ್ತಲೇ ದೊರೆಸಾನಿ ಹಲಗೆ ಏರಿ ಬಟ್ಟಲಿಗೆ ಮೂತಿ ಹಾಕಿತು. ರಕ್ತ ತೆಗೆದದ್ದೂ ಅದಕ್ಕೆ ಗೊತ್ತಾದಂತೆ ಕಾಣಲಿಲ್ಲ. ದೇವಕಮ್ಮ ಅದರ ಬೆನ್ನ ಮೇಲೆ ತಲೆಯಿಟ್ಟು, ಗಂಡ ಹೋದಾಗಲೂ ಅಳದಷ್ಟು ಅತ್ತಳು.

ಮನೆಗೆ ಮರಳುವಾಗ ಮಾತ್ರ ಬಳೆ ಜಗ್ಗಿ ನೋಡಿದಳು. ಬಿಗಿಯಾದ ಗಾಜಿನ ಬಳೆ, ಒಡೆಯದೆ ಬರುವಂಥದ್ದಲ್ಲ. ಓಣಿಯವರ ಮಾತು ಹಾಳಾಗಲಿ, ಮಗನನ್ನು ಕಳೆದುಕೊಂಡ ಅತ್ತೆ ತಿಮ್ಮವ್ವನಿಗೆ ಏನೆಂದು ಹೇಳುವುದು? ಕೈಗೆ ಸೆರಗು ಸುತ್ತಿಕೊಂಡು ಹೊಸ್ತಿಲು ದಾಟಿದಳು. ಆದರೂ ಬಳೆ ಸದ್ದಾಯಿತು.

ಕಣ್ಣಿಗೆ ಪೊರೆ ಬಂದ ತಿಮ್ಮವ್ವ ತಲೆಯೆತ್ತಿದಳು. "ದೇವಕಮ್ಮ ಬಂದಿ ಏನವ್ವ?"

"ಹೌದ್ರಿ ಅತ್ತಿ. ಬಳಿ... ಹಂದಿ ಸಲುವಾಗಿ..."

ಮುದುಕಿ ತಡಕಾಡಿ ಸೊಸೆಯ ಕೈ ಹಿಡಿದಳು. ಬಳೆಗಳನ್ನು ಒಮ್ಮೆ ಹಿಂದಕ್ಕೂ ಮುಂದಕ್ಕೂ ಸರಿಸಿದಳು.

"ಈ ಸಪ್ಪಳ ನಿಂತಾಗಿಂದ ನೀ ಮನ್ಯಾಗ ಇದ್ದಿಯೋ ಇಲ್ಲೋ, ನನಗೂ ತಿಳೀವಲ್ದಾಗಿತ್ತು" ಎಂದಳು. "ಇರ್ಲಿ, ತಗೀಬ್ಯಾಡ."